ಕಲ್ಲಜ್ಜನ ಪಕ್ಕದ ಜಾಗ

ಅಥವಾ ಇದೂ ಕಾಲುವೆಯ ಹೂಳೇ ಇರಬಹುದೆ?

ಸೊಕ್ಕೆಯ ಈ ಒಣ ಹೊಲಕ್ಕೆ ಕಾಲುವೆ ಎಲ್ಲಿಂದ ಬರಬೇಕು ಎಂದು ಗುರುಬಸವರಾಜ ತನಗೆ ತಾನೇ ಹೇಳಿಕೊಂಡ. ಆದರೂ ಅನುಮಾನ ಹೋಗಲಿಲ್ಲ. ಹಿಂದಿನ ತಿಂಗಳು ಗೋವಿನಕೋವಿಯ ಹತ್ತಿರ ಒಂದು ದಿಬ್ಬವನ್ನು ಅರ್ಧ ದಿನ ಟೇಪು ಹಿಡಿದು ಅಳೆದಿದ್ದ. ಎಲ್ಲ ದಿಕ್ಕಿನಿಂದ ಫೋಟೊ ತೆಗೆದಿದ್ದ. ಕಬ್ಬಿಣ ಯುಗದ ಸಮಾಧಿ ಎಂದು ಮನಸ್ಸಿನಲ್ಲೇ ಒಂದು ಅಧ್ಯಾಯ ಬರೆದು ಮುಗಿಸಿದ್ದ. ಆಮೇಲೆ ದಿಬ್ಬದ ಪಕ್ಕೆಯಿಂದ ಒಂದು ಪ್ಲಾಸ್ಟಿಕ್ ಚಪ್ಪಲಿ ಇಣುಕಿತು. ಕಾಲುವೆಯ ಹೂಳೆತ್ತಿ ಸುರಿದ ಮಣ್ಣು ಅದು. ಅಂದಿನಿಂದ ಯಾವ ದಿಬ್ಬ ಕಂಡರೂ ಅವನು ಮೊದಲು ಚಪ್ಪಲಿ ಹುಡುಕುತ್ತಾನೆ.

ಇಲ್ಲಿ ಚಪ್ಪಲಿ ಇರಲಿಲ್ಲ. ಮೆಕ್ಕೆಜೋಳದ ಕೂಳೆ ನಿಂತ ಹೊಲದ ನಡುವೆ ಸೊಂಟದೆತ್ತರದ ಕಲ್ಲುಗುಡ್ಡೆ. ಅದರ ಸುತ್ತ, ನಾಲ್ಕು ಜನ ಸೇರಿದರೂ ಅಲ್ಲಾಡದಂಥ ಗುಂಡುಕಲ್ಲುಗಳು ಊಟಕ್ಕೆ ಕಾಯುವವರಂತೆ ದುಂಡಗೆ ಕೂತಿದ್ದವು. ಪೂರ್ವಕ್ಕೆ ಮಾತ್ರ ಒಂದು ಕಲ್ಲಿನಷ್ಟು ಖಾಲಿ, ಬಾಗಿಲಿನ ಹಾಗೆ. ಅಲ್ಲಿ ನೆಲದ ಮೇಲೆ ಮಡಕೆಯ ಚೂರೊಂದು ಬಿದ್ದಿತ್ತು. ಎತ್ತಿ ಬೆರಳಿನಿಂದ ಒರೆಸಿದ. ಹೊರಗೆ ಕೆಂಪು, ಒಳಗೆ ಕಪ್ಪು, ಎರಡೂ ಕಡೆ ನುಣುಪು. ಇಷ್ಟು ದಿನ ಪುಸ್ತಕದ ಚಿತ್ರದಲ್ಲಿ ನೋಡಿದ್ದು ಈಗ ಅಂಗೈಯಲ್ಲಿತ್ತು. ಎರಡು ಸಾವಿರ ವರ್ಷಕ್ಕೂ ಹಿಂದಿನ ಸಮಾಧಿ. ಯಾರೂ ಅಗೆದಿಲ್ಲ, ಯಾರೂ ಬರೆದಿಲ್ಲ.

"ಸಿಕ್ತೇನ್ರೀ ಮೇಷ್ಟ್ರೇ?" ಬೇವಿನ ಮರದ ನೆರಳಿನಿಂದ ಕೊಟ್ರಬಸಪ್ಪ ಕೂಗಿದ. "ನಮ್ಮಜ್ಜ ಎತ್ಲಾಗೆ ಮಕ ಮಾಡಿ ಕೂತಾನೆ?"

ಗುರುಬಸವರಾಜ ಚೂರನ್ನು ಇದ್ದಲ್ಲೇ ಇಟ್ಟ. "ನೋಡ್ತಿದೀನಿ ಅಣ್ಣಾ" ಅಂದ.

ಅವನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇದು ತಾನು ಅಂದುಕೊಂಡದ್ದೇ ಆದರೆ, ಕೊಟ್ರಬಸಪ್ಪನ ತಾಯಿ ರುದ್ರಾಣಿ ಅಜ್ಜಿಗೆ ಕೂರಲು ಜಾಗ ಇಲ್ಲದಂತಾಗುತ್ತದೆ.

ಚನ್ನಗಿರಿಯಲ್ಲಿ ಗುರುಬಸವರಾಜನ ಅಪ್ಪನದು ಅಡಿಕೆ ಮಂಡಿ. ಮಗ ಇತಿಹಾಸದಲ್ಲಿ ಎಂ.ಎ. ಮುಗಿಸಿ, ಹಳೇ ಕಾಲದ ಸಮಾಧಿಗಳ ಮೇಲೆ ಪಿಎಚ್.ಡಿ.ಗೆ ಸೇರಿದ ಮೇಲೆ ಅಪ್ಪ ಮಂಡಿಗೆ ಬಂದವರಿಗೆಲ್ಲ, "ಇವನು ನಮ್ಮ ಹುಡುಗ, ಸತ್ತೋರ ಲೈನಲ್ಲಿದಾನೆ" ಎಂದು ಪರಿಚಯಿಸುತ್ತಿದ್ದ. ಹಾಗೆ ಪರಿಚಯವಾದವನು ಕೊಟ್ರಬಸಪ್ಪ. ಅಡಿಕೆ ಸಸಿ ವಿಚಾರಿಸಲು ಸೊಕ್ಕೆಯಿಂದ ಅಲ್ಲಿಯವರೆಗೆ ಬಂದವನು, ಸಸಿ ಮರೆತು ಹುಡುಗನ ಮುಂದೆ ಕೂತುಬಿಟ್ಟ.

"ಹಂಗಾದ್ರೆ ಸಮಾಧಿ ನೋಡಿ, ಒಳಗಿರೋರು ಹೆಂಗೆ ಕೂತಾರೆ, ಪಕ್ಕದಾಗೆ ಯಾರು ಕೂತ್ರೆ ಸರಿ ಅಂತ ಹೇಳ್ತೀರಾ?"

ಅಂಥ ಪ್ರಶ್ನೆಯನ್ನು ಗುರುಬಸವರಾಜನಿಗೆ ಯಾವ ಪ್ರೊಫೆಸರೂ ಕೇಳಿರಲಿಲ್ಲ.

ಕೊಟ್ರಬಸಪ್ಪನ ಮನೆಯವರೂ ಗುರುಬಸವರಾಜನ ಮನೆಯವರಂತೆ ಲಿಂಗಾಯತರು. ಸತ್ತವರನ್ನು ಸುಡುವುದಿಲ್ಲ. ಗುಣಿಯಲ್ಲಿ ಕೂರಿಸಿ, ವಿಭೂತಿ ಬಿಲ್ವಪತ್ರೆ ಇಟ್ಟು ಮಣ್ಣು ಮಾಡುತ್ತಾರೆ. ಕೂರುವುದು ಎಂದ ಮೇಲೆ ಎಲ್ಲಿ, ಯಾರ ಪಕ್ಕ ಎಂಬ ಮಾತು ಬಂದೇ ಬರುತ್ತದೆ. ಮಲಗುವವರಿಗೆ ಈ ತಾಪತ್ರಯ ಇಲ್ಲ. ಹೊಲದ ಈ ಗುಡ್ಡೆ ಮನೆಯವರ ಪಾಲಿಗೆ ಕಲ್ಲಜ್ಜನ ಗದ್ದುಗೆ. ಕಲ್ಲಜ್ಜ ಮನೆತನದ ಮೂಲಪುರುಷ, ಈ ಹೊಲ ಮೊದಲು ಹಸನು ಮಾಡಿದವನು. ಬಿತ್ತನೆಗೆ ಮೊದಲು ಅಲ್ಲೊಂದು ಕಾಯಿ ಒಡೆಯುವುದು ತಪ್ಪಿದ್ದಿಲ್ಲ. ಕಲ್ಲಿನ ಸುತ್ತಿನ ಒಳಗೆ ಮೆತ್ತನೆಯ ನೆಲ ಇರುವುದು ಬಾಗಿಲ ಹತ್ತಿರ ಒಂದೇ ಕಡೆ, ಒಬ್ಬರು ಕೂರುವಷ್ಟು. ಅದಕ್ಕೆ ಇಬ್ಬರ ಪೈಪೋಟಿ: ರುದ್ರಾಣಿ ಅಜ್ಜಿ ಮತ್ತು ಅವಳ ವಾರಗಿತ್ತಿ ಬಂಗಾರಮ್ಮ. ಇಬ್ಬರೂ ಗಂಡನನ್ನು ಕಳೆದುಕೊಂಡವರು, ಇಬ್ಬರಿಗೂ ಎಂಬತ್ತರ ಹತ್ತಿರ. ಇಬ್ಬರಲ್ಲೂ ಸಾಯುವ ಯಾವ ಲಕ್ಷಣವೂ ಇರಲಿಲ್ಲ.

"ಇಬ್ರೂ ಮಾತು ಬಿಟ್ಟಾರೆ," ಬೆಳಿಗ್ಗೆ ಜಗಳೂರು ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನಿಸುತ್ತ ಕೊಟ್ರಬಸಪ್ಪ ಹೇಳಿದ್ದ. "ಒಂದೇ ಮನೆ, ಎಲ್ಡು ಒಲೆ. ಐನೋರನ್ನ ಕರೆಸಿ ಕೇಳಿದ್ವಿ. ಇಬ್ರ ಕೈಲೂ ಹೋಳಿಗೆ ಉಂಡು, ಇಬ್ರಿಗೂ ಹೂಂ ಅಂದು ಹೋದ್ರು. ನೀವು ಓದಿದೋರು, ಪುಸ್ತಕದಾಗೆ ಇರೋದು ಹೇಳಿಬಿಡ್ರಿ. ಯಾರಿಗೆ ಕೊಟ್ರೂ ನಂಗೆ ಒಂದೇ. ಒಬ್ರು ನಮ್ಮವ್ವ, ಇನ್ನೊಬ್ರು ಎತ್ತಿ ಆಡಿಸಿದ ಚಿಕ್ಕವ್ವ."

ಈಗ ಗುಡ್ಡೆಯ ಮುಂದೆ ನಿಂತು ಗುರುಬಸವರಾಜ ಲೆಕ್ಕ ಹಾಕಿದ. ಇದ್ದದ್ದನ್ನು ಹೇಳಿದರೆ ನಾಳೆ ಅವನ ಗೈಡ್ ಸಂಧ್ಯಾರಾಣಿ ಮೇಡಂ ಬರುತ್ತಾರೆ. ಅವರ ಹಿಂದೆ ಪುರಾತತ್ವ ಇಲಾಖೆ ಬರುತ್ತದೆ. ತಂತಿ ಬೇಲಿ, ನೀಲಿ ಬೋರ್ಡು. ಆಮೇಲೆ ಕಾಯಿ ಒಡೆಯುವುದಕ್ಕೂ ಯಾರೂ ಒಳಗೆ ಹೋಗುವಂತಿಲ್ಲ, ಕೂರುವುದಂತೂ ದೂರ. ಹೇಳದೆ ಹೋದರೆ, ಇಬ್ಬರಲ್ಲಿ ಯಾರು ಮೊದಲು ಹೋದರೂ ಹಾರೆ ಗುದ್ದಲಿ ನೇರ ಆ ಹಳೆಯ ಸಮಾಧಿಗೇ ಇಳಿಯುತ್ತವೆ. ಸುಮ್ಮನಿರುವುದು ಅವನಿಗೆ ಚೆನ್ನಾಗಿ ಬರುತ್ತಿದ್ದ ಒಂದೇ ವಿದ್ಯೆ. ಮನೆಯಲ್ಲಿ, ಕಾಲೇಜಿನಲ್ಲಿ, ಎಲ್ಲ ಕಡೆಯೂ ಅವನು ಅದರ ಬಲದಿಂದಲೇ ಬದುಕಿದ್ದ. ಇಲ್ಲಿ ಸುಮ್ಮನಿದ್ದರೂ ಏನನ್ನೋ ಹೇಳಿದಂತೆಯೇ ಆಗುತ್ತಿತ್ತು.

ಊಟದ ಹೊತ್ತಿಗೆ ಮನೆಗೆ ಹೋದರು. ಅವನ ಮುಂದೆ ಎರಡು ತಟ್ಟೆ ಬಂದವು.

"ಇದನ್ನ ಮೊದ್ಲು ಮುಗಿಸು ತಮ್ಮಾ," ರುದ್ರಾಣಿ ಅಜ್ಜಿ ರೊಟ್ಟಿಯ ತಟ್ಟೆ ಮುಂದೆ ತಳ್ಳಿದಳು. ತೆಳ್ಳಗೆ, ನೆಟ್ಟಗೆ, ಹಣೆ ತುಂಬ ವಿಭೂತಿ.

"ಕೊಟ್ರಾ, ನಿಮ್ಮವ್ವಂಗೆ ಹೇಳು," ಎಂದಳು ಬಂಗಾರಮ್ಮ, ಮುದ್ದೆಯ ತಟ್ಟೆ ಇಡುತ್ತ. ದುಂಡಗಿನ ಆಳು, ಮೂಗಿನ ಎರಡೂ ಕಡೆ ನತ್ತು. "ಪ್ಯಾಟೆ ಹುಡುಗ್ರಿಗೆ ಆ ರೊಟ್ಟಿ ಕಡಿಯಾಕೆ ಹಲ್ಲು ಬೇಕು. ಮುದ್ದೆ ಆದ್ರೆ ತಾನೇ ಇಳೀತೈತೆ."

"ಕೊಟ್ರಾ, ನಿಮ್ಮ ಚಿಕ್ಕವ್ವಂಗೆ ಹೇಳು. ಹಿರೇ ಸೊಸೆ ಬಡಿಸುವಾಗ ಮಧ್ಯೆ ಬಾಯಿ ಹಾಕಬಾರ್ದು ಅಂತ."

ಕೊಟ್ರಬಸಪ್ಪ ತಲೆ ಎತ್ತದೆ, "ಹೇಳಿದೆ, ಹೇಳಿದೆ" ಅನ್ನುತ್ತ ಉಣ್ಣುತ್ತಿದ್ದ. ಒಂದು ಮಾತನ್ನೂ ದಾಟಿಸುತ್ತಿರಲಿಲ್ಲ. ದಾಟಿಸುವ ಅಗತ್ಯವೂ ಇರಲಿಲ್ಲ, ಇಬ್ಬರ ನಡುವೆ ಇದ್ದದ್ದು ಒಂದು ಕಂಬ ಮಾತ್ರ.

"ಹಿರೇ ಸೊಸೆ ಅಂತೆ," ಬಂಗಾರಮ್ಮ ಕಂಬಕ್ಕೆ ಹೇಳಿದಳು.

"ಹೌದು, ಮೊದ್ಲು ಬಂದಾಕಿ ನಾನು. ಅಜ್ಜನ ಪಕ್ಕ ಮೊದ್ಲು ಕೂರೋಳೂ ನಾನೇ."

"ಬಸ್ಸಾ ಇದು, ಟವೆಲ್ ಹಾಕಿ ಸೀಟ್ ಹಿಡಿಯಾಕೆ?"

"ಗಂಡನ ಪಕ್ಕ ಹೋಗಿ ಕೂರು ಅಂತ ಹೇಳು ಕೊಟ್ರಾ. ಊರ ಮುಂದೆ ರುದ್ರಭೂಮೀಲಿ ಆತನ ಪಕ್ಕ ಬೇಕಾದಷ್ಟು ಜಾಗ ಐತೆ."

"ಜಲ್ಮೆಲ್ಲಾ ಆತನ ಗೊರಕೆ ಕೇಳೀನಿ, ಮುಂದಕ್ಕೂ ಕೇಳಬೇಕಾ? ನಿಮ್ಮವ್ವನೇ ಹೋಗ್ಲಿ, ಆಕೆ ಗಂಡಾನೂ ಅಲ್ಲೇ ಅವ್ನೆ."

"ಹೋಗ್ತಿದ್ದೆ. ಆತನ ಪಕ್ಕ ನಮ್ಮ ನಾದಿನಿ ಆಗ್ಲೇ ಕೂತು ಬಿಟ್ಟಾಳೆ. ಬದುಕಿದ್ದಾಗ್ಲೂ ಆಕೆ ಹಂಗೇ, ನಡುವೆ ಬಂದು ಕೂರ್ತಿದ್ಲು."

ಗುರುಬಸವರಾಜನಿಗೆ ನಗು ಬಂದು ರೊಟ್ಟಿ ನೆತ್ತಿಗೇರಿತು. ಇಬ್ಬರೂ ಒಟ್ಟಿಗೆ ನೀರಿನ ಚೊಂಬು ಚಾಚಿದರು. ಯಾರದನ್ನು ತೆಗೆದುಕೊಂಡರೂ ತೀರ್ಪು ಕೊಟ್ಟಂತಾಗುತ್ತದೆ ಎಂದು ಅವನು ಕೆಮ್ಮುತ್ತಲೇ ಎದ್ದು ಹೋಗಿ ಬಚ್ಚಲ ಹಂಡೆಯ ನೀರು ಕುಡಿದ.

ಬಿಸಿಲು ಸ್ವಲ್ಪ ಇಳಿದ ಮೇಲೆ ರುದ್ರಾಣಿ ಅಜ್ಜಿ ಕೋಲು ಹಿಡಿದು ಬಾಗಿಲಲ್ಲಿ ನಿಂತಳು. "ನಡಿ ತಮ್ಮಾ, ಅಜ್ಜನ್ನ ನಾನು ತೋರಿಸ್ತೀನಿ." ಬೆಳಿಗ್ಗೆಯೇ ನೋಡಿದೆ ಎಂದು ಅವನು ಅನ್ನಲಿಲ್ಲ. ದಾರಿಯುದ್ದಕ್ಕೂ ಅವಳೂ ಮಾತಾಡಲಿಲ್ಲ. ಅವನಿಗೆ ಆ ನಡಿಗೆ ಹಿಡಿಸಿತು. ಗುಡ್ಡೆಯ ಹತ್ತಿರ ಬಂದು ಅವಳು ಒಂದು ಗುಂಡುಕಲ್ಲಿನ ಮೇಲೆ ಕೂತಳು. ಆ ಕಲ್ಲು ಅಲ್ಲಿ ಮಾತ್ರ ನಯವಾಗಿತ್ತು.

"ನಿಜ ಹೇಳ್ತೀನಿ ಕೇಳು. ಹಿರೇತನ ಗಿರೇತನ ಎಲ್ಲಾ ಆ ಬಂಗಾರಿ ಮುಂದೆ ಹೇಳಾಕೆ ಅಷ್ಟೇ. ನಾನು ಈ ಮನೆಗೆ ಬಂದಾಗ ಇನ್ನೂ ಹುಡುಗಿ. ನಮ್ಮತ್ತೆ ಮುಂದೆ ಉಸಿರು ಬಿಡಂಗಿರ್ಲಿಲ್ಲ. ಹೊಲಕ್ಕೆ ಬುತ್ತಿ ತರ್ತಿದ್ನಲ್ಲ, ಗಂಡಸ್ರು ಆ ತುದೀಲಿ ನೇಗಿಲು ಹೊಡೀತಿರೋರು. ಅವರು ಬರೋತನಕ ನಾನಿಲ್ಲಿ ಅಜ್ಜನ ಹತ್ರ ಕೂತು ಎಲ್ಲಾ ಹೇಳ್ತಿದ್ದೆ. ಅತ್ತೆ ಬೈದಿದ್ದು, ತವರು ನೆನಪಾಗಿದ್ದು. ಕೊಟ್ರ ಹುಟ್ಟೋಕೆ ಮುಂಚೆ ಒಂದು ಹೆಣ್ಣುಕೂಸು ಹೋಯ್ತು. ಅದಕ್ಕೆ ಏನು ಹೆಸರಿಡಬೇಕು ಅಂತಿದ್ದೆ ಅನ್ನೋದು ಕೊಟ್ರನ ಅಪ್ಪಂಗೂ ಗೊತ್ತಿರ್ಲಿಲ್ಲ. ಅಜ್ಜಂಗೆ ಗೊತ್ತು."

ಗುರುಬಸವರಾಜ ಗುಡ್ಡೆಯನ್ನು ನೋಡಿದ. "ಅಜ್ಜ ಏನಂತಿದ್ರು?" ಎಂದು ಕೇಳಿ, ಕೇಳಿದ್ದಕ್ಕೆ ತಾನೇ ಬೆರಗಾದ.

"ಒಂದು ಸಲಾನೂ ಎದುರು ಮಾತಾಡಿಲ್ಲ. ಈ ಮನೇಲಿ ಅಂಥ ಗಂಡಸು ಅವನೊಬ್ನೇ," ಅಜ್ಜಿ ನಕ್ಕಳು. ಆಮೇಲೆ ಕೋಲಿನಿಂದ ಬಾಗಿಲ ಬಳಿಯ ಮೆತ್ತನೆ ನೆಲವನ್ನು ಮುಟ್ಟಿದಳು. "ಇಲ್ಲಿ ಕೂತ್ರೆ ಹೊಸದಾಗಿ ಏನೂ ಹೇಳೋ ಹಂಗಿಲ್ಲ. ಎಲ್ಲಾ ಗೊತ್ತಿರೋರ ಪಕ್ಕ ಸುಮ್ಮನೆ ಕೂರೋದು ಐತಲ್ಲ, ಅದರ ಸುಖಾನೇ ಬ್ಯಾರೆ. ಬ್ಯಾರೆ ಕಡೆ ಹೋದ್ರೆ ಮತ್ತೆ ಮೊದ್ಲಿಂದ ಹೇಳಬೇಕು. ನಂಗೆ ಈಗ ಅಷ್ಟು ಶಕ್ತಿ ಇಲ್ಲ ತಮ್ಮಾ. ನೀನು ಹೂಂ ಅಂದ್ರೆ ಕೊಟ್ರ ಕೇಳ್ತಾನೆ."

ಸಮಾಧಿಗಳ ಬಗ್ಗೆ ಅವನು ಓದಿದ್ದು ಬಹಳ. ಒಳಗೆ ಏನಿರುತ್ತದೆ ಎಂಬುದನ್ನೇ ಎಲ್ಲರೂ ಬರೆದಿದ್ದರು: ಮಡಕೆ, ಮೂಳೆ, ಕಬ್ಬಿಣದ ಕುಡುಗೋಲು. ಹೊರಗಿನಿಂದ ಒಳಗೆ ಏನು ಹೋಗುತ್ತದೆ ಎಂದು ಯಾರೂ ಬರೆದಿರಲಿಲ್ಲ. ಒಳಗಿರುವ ಮನುಷ್ಯನಿಗೆ ಈ ಮನೆತನ ಗೊತ್ತಿಲ್ಲ. ಅವನ ಭಾಷೆ ಯಾವುದಿತ್ತೋ, ಕನ್ನಡವಂತೂ ಇರಲಾರದು. ಹುಡುಗಿಯೊಬ್ಬಳು ಬುತ್ತಿ ಕೆಳಗಿಟ್ಟು ಅತ್ತಿದ್ದನ್ನೆಲ್ಲ ಅವನು ಅರ್ಥವಾಗದೆ ಕೇಳಿಸಿಕೊಂಡಿದ್ದ. ಅರ್ಥವಾದವರು ಅಷ್ಟು ವರ್ಷ ಕೇಳಿಸಿಕೊಳ್ಳುತ್ತಿದ್ದರೋ ಇಲ್ಲವೋ.

ಅಜ್ಜಿಯನ್ನು ಮನೆಗೆ ಬಿಟ್ಟು ಕಾಲು ತೊಳೆಯಲು ತೊಟ್ಟಿಯ ಹತ್ತಿರ ಹೋದಾಗ ಬಂಗಾರಮ್ಮ ಅಲ್ಲಿ ಕಾದಿದ್ದಳು.

"ಅಕ್ಕ ಏನಂದ್ಲು?"

"ಏನಿಲ್ಲ ಅಜ್ಜಿ."

"ನೀನೂ ಅವಳ ಕಡೆಯೋನೇ. ಇರ್ಲಿ." ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. ತಗ್ಗಿಸಿದ ಮೇಲೂ ಅದು ಪಕ್ಕದ ಮನೆಗೆ ಕೇಳುವಂತಿತ್ತು. "ನಾನು ಆ ಜಾಗ ಯಾಕೆ ಕೇಳ್ತೀನಿ ಗೊತ್ತಾ? ಅಜ್ಜಂಗೆ ನಾನು ಎಲ್ಲಾ ಹೇಳಿಟ್ಟೀನಿ."

"ನೀವೂನಾ? ಏನು?"

"ಇನ್ನೇನು, ಅವಳದ್ದೇ. ತುಪ್ಪದ ಗಡಿಗೆ ನಂಗೆ ಎಟುಕದಂಗೆ ಅಟ್ಟದ ಮೇಲೆ ಇಡ್ತಿದ್ದದ್ದು. ನನ್ನ ಹಸಿರು ಸೀರೆ ಉಟ್ಟು ತವರಿಗೆ ಹೋಗಿದ್ದು. ಅತ್ತೆ ಮುಂದೆ ನನ್ನ ಮೇಲೆ ಚಾಡಿ ಹೇಳಿದ್ದು. ಅವಳ ಬುತ್ತಿ ಸರದಿ ಮುಗಿದ ಮಾರನೇ ದಿನ ನಂದು. ಹೋಗಿ ಕೂತು ಶುರು ಮಾಡ್ತಿದ್ದೆ. ಈಗ ಅವಳೋಗಿ ಪಕ್ಕದಾಗೇ ಕೂತ್ರೆ, ಅಜ್ಜ ಹೇಳಿಬಿಡಲ್ವಾ? ಸತ್ತೋರಿಗೆ ಸತ್ತೋರ ಮಾತು ಕೇಳ್ತೈತಂತೆ." ತೊಟ್ಟಿಯ ಅಂಚನ್ನು ಸೆರಗಿನಿಂದ ಒರೆಸುತ್ತ, "ಕೋಪದಾಗೆ ಹೇಳಿದ್ದು. ಚಾಡಿ ಹೇಳಿದ್ದು ಅವಳಲ್ಲ ಅಂತ ಆಮೇಲೆ ಗೊತ್ತಾಯ್ತು. ಅದನ್ನ ಅಜ್ಜಂಗೆ ಹೇಳಾಕೆ ಮರ್ತೆ" ಅಂದಳು.

ಬಂಗಾರಮ್ಮನ ಹೆದರಿಕೆ ತೆಗೆಯಲು ಒಂದು ಮಾತು ಸಾಕಿತ್ತು: ಅಲ್ಲಿರುವುದು ನಿಮ್ಮಜ್ಜ ಅಲ್ಲ. ಅದೇ ಮಾತು ರುದ್ರಾಣಿ ಅಜ್ಜಿಯ ಕೈಯಿಂದ ಅಷ್ಟೂ ವರ್ಷ ಕಿತ್ತುಕೊಳ್ಳುತ್ತಿತ್ತು. ಗುರುಬಸವರಾಜ ಕಾಲು ತೊಳೆದ. ಮತ್ತೊಮ್ಮೆ ತೊಳೆದ.

ಆಗ ಫೋನು ಬಂತು. ಸಂಧ್ಯಾರಾಣಿ ಮೇಡಂ.

"ಏನ್ರೀ ಗುರು, ಸೊಕ್ಕೇಲಿ ಏನಾದ್ರೂ ಸಿಕ್ತಾ? ಇಲ್ಲ ಮತ್ತೆ ಚಪ್ಪಲಿನೇನಾ?"

"ಚಪ್ಪಲಿ ಅಲ್ಲ ಮೇಡಂ."

"ಮತ್ತೆ?"

ಅವನು ತೊಟ್ಟಿಯ ನೀರು ನಿಲ್ಲುವುದನ್ನು ನೋಡುತ್ತ ನಿಂತ. "ಒಂದು ಮನೆತನದ ಗದ್ದುಗೆ ಮೇಡಂ. ಈಗಲೂ ನಡ್ಕೊಳ್ತಾರೆ."

"ಓ, ಗದ್ದುಗೆನಾ. ಹಾಗಾದ್ರೆ ಬಿಡಿ, ಮುಂದಿನ ಊರು ನೋಡಿ. ಈ ವರ್ಷ ಒಂದಾದ್ರೂ ಹೊಸದು ಬೇಕ್ರೀ ನಿಮಗೆ."

ಸುಳ್ಳು ಹೇಳಿದೆನೆ ಎಂದು ಯೋಚಿಸಿದ. ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದು ಅವನಿಗೆ ಸಮಾಧಾನ ಕೊಡಲಿಲ್ಲ. ಆದರೆ ದಾರಿ ತೋರಿಸಿತು.

ಹೊತ್ತು ಇಳಿಯುವ ಮುಂಚೆ ನಾಲ್ವರೂ ಹೊಲಕ್ಕೆ ಹೋದರು. ಕೊಟ್ರಬಸಪ್ಪ ಹೆಗಲ ಮೇಲೆ ಹಾರೆ ಹೊತ್ತಿದ್ದ, ಜಾಗ ತೀರ್ಮಾನವಾದರೆ ಒಂದು ಗೂಟ ಹೊಡೆದುಬಿಡೋಣ ಎಂದು. ಅಜ್ಜಿಯರು ಗುಡ್ಡೆಯ ಆಚೆಗೊಬ್ಬಳು ಈಚೆಗೊಬ್ಬಳು ನಿಂತರು. ಗುರುಬಸವರಾಜ ಸುತ್ತ ಒಂದು ಸಲ ನಡೆದು ಬಂದ. ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಕೇಳದಂಥ ಅವನ ದನಿ ಅಲ್ಲಿ ಎಲ್ಲರಿಗೂ ಕೇಳಿತು.

"ಈ ಕಲ್ಲಿನ ಸುತ್ತು ಒಳಗಿರೋರಿಗೆ ಅಂತಲೇ ಕಟ್ಟಿದ್ದು. ಇನ್ನೊಬ್ಬರಿಗೆ ಅಂತ ಅಲ್ಲ. ಒಳಗೆ ಎಲ್ಲೇ ಹಾರೆ ಹಾಕಿದ್ರೂ ಅವರಿಗೆ ತಾಗುತ್ತೆ. ಇದು ಪುಸ್ತಕದಲ್ಲಿರೋದೇ."

"ಅಂದ್ರೆ?" ಕೊಟ್ರಬಸಪ್ಪನ ಹಾರೆ ಹೆಗಲಿನಿಂದ ಇಳಿಯಿತು. "ಇಬ್ರಿಗೂ ಇಲ್ವಾ?"

ರುದ್ರಾಣಿ ಅಜ್ಜಿ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಗುಡ್ಡೆಯ ಕಡೆ ನೋಡಿದಳು, ಇದಕ್ಕೆ ನೀನೇನಂತಿ ಎಂದು ಕೇಳುವವಳಂತೆ.

"ಅವರ ಮನೆ ಒಳಗೆ ಇಲ್ಲ ಅಂದೆ ಅಜ್ಜಿ," ಗುರುಬಸವರಾಜ ಬೇಗ ಹೇಳಿದ. "ಹೊರಗೆ ಜಗುಲಿ ಇಲ್ವಾ? ಬಾಗಿಲ ಆ ಕಡೆ ಒಂದು ಕಟ್ಟೆ, ಈ ಕಡೆ ಒಂದು ಕಟ್ಟೆ. ಸುತ್ತಿನಿಂದ ಎರಡು ಮಾರು ಬಿಟ್ಟು. ಅಲ್ಲಿ ಕೂತ್ರೆ ಒಳಗಿರೋರಿಗೂ ತೊಂದರೆ ಇಲ್ಲ, ಪಕ್ಕದಲ್ಲಿದ್ದಂಗೂ ಆಯ್ತು."

ಕೊಟ್ರಬಸಪ್ಪ ಬಾಯಿ ಬಿಟ್ಟು ನೋಡಿದ. ಆಮೇಲೆ ಎರಡು ಮಾರು ಅಳೆದು ಎಡಗಡೆ ಹಾರೆ ಊರಿದ. ಸಲೀಸಾಗಿ ಇಳಿಯಿತು. ಬಲಗಡೆ ಊರಿದ. ಠಣ್ ಎಂದಿತು. ಬಂಗಾರಮ್ಮ, "ನಂಗೆ ಗೊತ್ತಿತ್ತು, ನನ್ನ ಹಣೆಬರಾನೇ ಹಿಂಗೆ" ಅಂದಳು. ಅವನು ಇನ್ನೊಂದು ಮೊಳ ಸರಿದು ಊರಿದ. ಮೊಣಕಾಲಿನ ಆಳಕ್ಕೆ ಇಳಿಯಿತು.

ಜಗಳ ಮುಗಿಯಿತು ಎಂದುಕೊಂಡು ಗುರುಬಸವರಾಜ ಉಸಿರು ಬಿಟ್ಟ. ಆಗ ಅದು ಶುರುವಾಯಿತು.

"ನಾನು ಬಲಗಡೆ," ಎಂದಳು ಬಂಗಾರಮ್ಮ. "ನಂಗೆ ಎಡಗಿವಿ ಕೇಳಲ್ಲ. ಎಡಕ್ಕೆ ನೀನಿದ್ರೆ, ಎಷ್ಟು 'ಬಂಗಾರೀ' ಅಂತ ಕೂಗಿದ್ರೂ ನಂಗೆ ಆರಾಮು."

"ಆಗಲ್ಲ. ನೀನು ಎಡಕ್ಕೆ ಕೂರು. ಕೇಳೋ ಕಿವಿ ನನ್ನ ಕಡೆ ಇರ್ಲಿ."

"ಯಾಕಕ್ಕಾ? ಅಲ್ಲೂ ನಂಗೆ ಕೆಲಸ ಹೇಳಾಕಾ?"

"ಮತ್ತೆ ನಾನು ಯಾರ ಜೊತೆ ಮಾತಾಡ್ಲಿ?"

"ಅಜ್ಜನ ಜೊತೆ ಆಡು."

"ಅಜ್ಜಂಗೆ ಎಲ್ಲಾ ಹೇಳಿ ಮುಗ್ಸೀನಿ ಕಣೇ. ನಿಂಗೇ ಹೇಳಿಲ್ಲ."

ಕೊಟ್ರಬಸಪ್ಪ ಗುರುಬಸವರಾಜನ ಮೊಣಕೈ ಹಿಂಡಿದ. ಅವನ ಮೂಲಕ ಹೋಗದೆ ಇಬ್ಬರೂ ನೇರ ಮಾತಾಡುತ್ತಿದ್ದರು. ಬಂಗಾರಮ್ಮ ಗುಡ್ಡೆಯನ್ನು ಅನುಮಾನದಿಂದ ನೋಡಿದಳು.

"ಏನೇನು ಹೇಳೀಯಾ ಅಜ್ಜಂಗೆ?"

"ನಿಂಗ್ಯಾಕೆ? ನೀನೇನು ಹೇಳೀಯಾ?"

ಆಮೇಲೆ ಇಬ್ಬರೂ ಒಟ್ಟಿಗೆ ಗುರುಬಸವರಾಜನ ಕಡೆ ತಿರುಗಿದರು. ಕೇಳಿದವಳು ರುದ್ರಾಣಿ ಅಜ್ಜಿ.

"ತಮ್ಮಾ, ನೀನು ಓದಿದೋನು. ಅಜ್ಜ ಒಬ್ರು ಹೇಳಿದ್ದನ್ನ ಇನ್ನೊಬ್ರಿಗೆ ಹೇಳೋನಾ?"

"ಇಲ್ಲ ಅಜ್ಜಿ," ಎಂದ ಗುರುಬಸವರಾಜ. ಆ ದಿನ ಅವನು ಅಷ್ಟು ಖಚಿತವಾಗಿ ಬೇರೇನನ್ನೂ ಹೇಳಿರಲಿಲ್ಲ. "ಯಾರಿಗೂ ಹೇಳೋರಲ್ಲ."

"ನಿಂಗೆ ಹೆಂಗೆ ಗೊತ್ತು?" ಬಂಗಾರಮ್ಮ ಬಿಡಲಿಲ್ಲ.

"ಇಷ್ಟು ವರ್ಷ ಹೇಳಿಲ್ವಲ್ಲ."

ಬಂಗಾರಮ್ಮ ಯೋಚಿಸಿದಳು. "ಅದೂ ಹೌದು," ಅಂದಳು. ನಡೆದು ಹೋಗಿ ಬಾಗಿಲ ಎಡಗಡೆ, ಹಾರೆ ಊರಿದ್ದ ಗುರುತಿನ ಪಕ್ಕ ನೆಲದ ಮೇಲೆ ಕೂತು ನೋಡಿದಳು. "ಇಲ್ಲಿ ಗಾಳಿ ಚೆನ್ನಾಗೈತೆ. ಬಾ ಅಕ್ಕಾ, ನೀನೂ ಕೂತು ನೋಡು. ಆಮೇಲೆ ನಂಗೆ ಸರಿಯಿಲ್ಲ ಅನ್ನಬ್ಯಾಡ."

ರುದ್ರಾಣಿ ಅಜ್ಜಿ ಕೋಲೂರಿಕೊಂಡು ಹೋಗಿ ಬಲಗಡೆ ಕೂತಳು. ಇಬ್ಬರೂ ಪೂರ್ವಕ್ಕೆ ಮುಖ ಮಾಡಿ, ಬಾಗಿಲ ಎರಡು ಕಟ್ಟೆಗಳ ಮೇಲೆ ಸಂಜೆ ಕೂತ ಮುದುಕಿಯರಂತೆಯೇ ಕೂತಿದ್ದರು. ಏಳುವ ಆತುರ ಇಬ್ಬರಿಗೂ ಇರಲಿಲ್ಲ.

ಕೊಟ್ರಬಸಪ್ಪ ದಾರಿಯ ಬದಿ ನಿಲ್ಲಿಸಿದ್ದ ಬೈಕ್ ಶುರು ಮಾಡಿದ. ಕಡೇ ಬಸ್ಸಿಗೆ ಇನ್ನೂ ಹೊತ್ತಿತ್ತು. ಗುರುಬಸವರಾಜ ಒಂದು ಸಲ ಹಿಂದೆ ಹೋಗಿ ಅಜ್ಜಿಯರಿಗೆ ಬರ್ತೀನಿ ಅಂದ. ರುದ್ರಾಣಿ ಅಜ್ಜಿ ಅವನ ಕೈ ಹಿಡಿದುಕೊಂಡು, "ಅಜ್ಜಂಗೂ ಹೇಳಿ ಹೋಗು" ಅಂದಳು. ಅವನು ಗುಡ್ಡೆಯ ಕಡೆ ತಿರುಗಿ ಕೈ ಮುಗಿದ.

ಒಳಗಿರುವುದು ಕಲ್ಲಜ್ಜ ಅಲ್ಲ ಎಂದು ಅವನು ಅವರಿಬ್ಬರಿಗೂ ಹೇಳಲಿಲ್ಲ.